ಬಾಯಿ ಹೇಳಿದ ಸರಿ

ಬೆಳಿಗ್ಗೆ ಗಂಡ ತೆತ್ಸುರೊ ಬೂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಾಗ ಮಿಸುಜು ಒಲೆಯ ಮುಂದಿದ್ದಳು. ಕೂತಲ್ಲಿ ನಿಂತಲ್ಲಿ ಕೂಗಿ ರೂಢಿಯಾದ ಬಾಯಿ ತಾನಾಗಿಯೇ, "ಹೆಲ್ಮೆಟ್, ಸರಿ! ಸೀಟಿ, ಸರಿ! ಗಂಡ, ಸರಿ!" ಎಂದಿತು. ಅವಳು ತಿರುಗಿ ಕೂಡ ನೋಡಿರಲಿಲ್ಲ. ಬೆರಳು ತೋರಿಸಿ, ಹೆಸರು ಹೇಳಿ, ಸರಿ ಎಂದು ಕೂಗುವುದು ಅವಳ ಕಸುಬಿನ ಕ್ರಮ. ಮನೆಯಲ್ಲಿ ಅದೇ ತಮಾಷೆ.

ನಗೋಯಾ ಬಂದರಿನ ಅಂಗಳದಲ್ಲಿ, ಮಾರುವವನಿಗೂ ಸೇರದ ಕೊಳ್ಳುವವನಿಗೂ ಸೇರದ ತಪಾಸಣೆ ಕಂಪನಿಯೊಂದರಲ್ಲಿ ಅವಳ ಕೆಲಸ. ಹಳೆಯ ಗಾಡಿಗಳ ಬ್ರೇಕು, ಟೈರು, ತುಕ್ಕು ನೋಡಿ ಅವಳು ಸರಿ ಅಂದರೆ ಮಾತ್ರ ಅವು ಹಡಗು ಹತ್ತಬೇಕು. ಹಡಗಿನ ಹೊಟ್ಟೆಯೊಳಗೆ ಸೀಟಿ ಊದಿ ಆ ಗಾಡಿಗಳನ್ನು ಒತ್ತೊತ್ತಾಗಿ ನಿಲ್ಲಿಸುವವನು ತೆತ್ಸುರೊ. ಅವಳು ಸರಿ ಅಂದ ಬ್ರೇಕಿನ ಮುಂದೆಯೇ ಅವನು ದಿನವಿಡೀ ನಿಲ್ಲಬೇಕು.

ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಒಂದು ಬಿಳಿ ವ್ಯಾನ್ ಬಂತು. ಕೀನ್ಯಾದ ಗುಡ್ಡದ ಊರುಗಳಿಗೆ ಜನ ಹೊರಲು ಹೋಗುವ ವ್ಯಾನು. ಪಕ್ಕದ ಸಾಲಿನಲ್ಲಿ ಗಾಡಿ ನೋಡುತ್ತಿದ್ದ ಕುರೋದಾ ರೇಗಿಸಿದ.

"ಅಕ್ಕಾ, ನಿನ್ನೆ ಭಾವ ನಿದ್ದೆಯಲ್ಲೂ ಸೀಟಿ ಊದಿದ್ರಂತೆ, ನಿಜವೇ?"

"ನಿನ್ನ ಹೆಂಡತಿ ಗೊರಕೆಗಿಂತ ವಾಸಿ ಬಿಡೋ!"

ನಗುತ್ತಲೇ ಅವಳ ಬೆರಳು ಚಕ್ರದಿಂದ ಚಕ್ರಕ್ಕೆ ಹೋಯಿತು. "ಎಡ ಹಿಂದಿನ ಬ್ರೇಕು ಪೈಪು, ಸರಿ!" ವ್ಯಾನು ಬಂದರಿನತ್ತ ಹೊರಟಿತು.

ಮುಂದಿನ ಕಾರು ಬಂದಾಗ ಕೋಲುಗನ್ನಡಿಗೆ ಕೈ ಚಾಚಿದಳು. ಇಲ್ಲ. ಗಾಡಿಯ ಅಡಿಗೆ ತೂರಿಸಿ ಪೈಪು ನೋಡುವ ಕನ್ನಡಿ ಅದು. ಹುಡುಕಿದರೆ ಬೆಳಿಗ್ಗೆ ಒರಗಿಸಿಟ್ಟಿದ್ದ ಆಚೆ ಕಂಬದ ಹತ್ತಿರವೇ ಇತ್ತು. ಹಾಗಾದರೆ ವ್ಯಾನಿನ ಅಡಿ ಯಾವುದರಿಂದ ನೋಡಿದೆ?

 ನೋಡಿರಲೇ ಇಲ್ಲ. ಬೆರಳು ತೋರಿಸಿತ್ತು, ಬಾಯಿ ಕೂಗಿತ್ತು, ಕಣ್ಣು ಕುರೋದಾನ ಕಡೆಗಿತ್ತು. ಹಾಳಾದ ಬಾಯಿ!

ತೆತ್ಸುರೊಗೆ ಫೋನ್ ಮಾಡುವಂತಿಲ್ಲ, ಹಡಗಿನೊಳಗೆ ಫೋನು ಒಯ್ಯಲು ಬಿಡುವುದಿಲ್ಲ. ಸೈಕಲ್ ಹತ್ತಿದಳು. ಏನೂ ಆಗಲ್ಲ, ನೂರರಲ್ಲಿ ತೊಂಬತ್ತೊಂಬತ್ತು ಪೈಪು ಚೆನ್ನಾಗೇ ಇರುತ್ತವೆ ಎಂದು ತನಗೆ ತಾನೇ ಹೇಳಿಕೊಂಡಳು. ಉಳಿದ ಆ ಒಂದು ಪೈಪು ಕಣ್ಣ ಮುಂದೆ ಬಂದು ಪೆಡಲು ತಪ್ಪಿತು.

ಹಡಗಿನ ಇಳಿಜಾರು ಸೇತುವೆಯ ಬಳಿ ಮೇಸ್ತ್ರಿ ಇವಾಸೆ ನಿಂತಿದ್ದ.

"ಏನಮ್ಮಾ, ಯಜಮಾನರು ಬುತ್ತಿ ಮರೆತು ಬಂದ್ರಾ?"

"ಬಿಳಿ ವ್ಯಾನು... ನಿಲ್ಸಿ ಇವಾಸೆಯವರೇ! ಅದರ ಬ್ರೇಕು ನಾನು ನೋಡಿಲ್ಲ."

ಅವನ ನಗು ಇಂಗಿಹೋಯಿತು. "ಈಗಷ್ಟೇ ಒಳಗೆ ಹೋಯ್ತಲ್ಲಮ್ಮ!" ವಾಕಿಟಾಕಿಯಲ್ಲಿ ಕೂಗಿದ. ಸುತ್ತಲೂ ಕಬ್ಬಿಣ, ಬರೀ ಗೊರಗೊರ ಸದ್ದು.

ಮಿಸುಜು ಒಳಕ್ಕೆ ಓಡಿದಳು. ಕೆಳಗಿನ ಅಂತಸ್ತಿಗೆ ಇಳಿಯುವ ಕಡಿದಾದ ದಾರಿಯಲ್ಲಿ ವ್ಯಾನಿನ ಕೆಂಪು ದೀಪ ಕಂಡಿತು. ಗಂಡನ ಸೀಟಿ ಚಿಕ್ಕಚಿಕ್ಕದಾಗಿ, ಬಾ ಬಾ ಎನ್ನುತ್ತಿತ್ತು. ಆಮೇಲೆ ಉದ್ದನೆಯ ಸೀಟಿ: ನಿಲ್ಲು. ವ್ಯಾನು ನಿಲ್ಲಲಿಲ್ಲ. ಮತ್ತೆ ಉದ್ದನೆಯದು. ಧಡ್ ಎಂದಿತು. ಸೀಟಿ ನಿಂತೇಹೋಯಿತು.

"ರೀ!" ಎಂದು ಕೂಗಿದಳು. ಗೋಡೆ ಹಿಡಿದುಕೊಂಡು ಇಳಿದಳು.

ವ್ಯಾನು ಕಂಬಕ್ಕೆ ಮೂತಿ ಒತ್ತಿ ನಿಂತಿತ್ತು. "ಪೆಡಲು ಒಂದೇ ಸಲ ತಳ ಸೇರ್ಬಿಡ್ತು, ಕೈಬ್ರೇಕೂ ಪೂರ್ತಿ ಹಿಡೀಲಿಲ್ಲ," ಎಂದು ಚಾಲಕ ಅಳುಮೋರೆ ಮಾಡಿಕೊಂಡು ಒದರುತ್ತಿದ್ದ. ಕಂಬದ ಪಕ್ಕ ನೆಲದ ಮೇಲೆ ತೆತ್ಸುರೊ ಕೂತಿದ್ದ. ಪಕ್ಕಕ್ಕೆ ಹಾರಿ ಬಿದ್ದು ಅಂಗೈ ತರಚಿತ್ತು, ಅಷ್ಟೇ. ಸೀಟಿ ಇನ್ನೂ ಬಾಯಲ್ಲೇ ಇತ್ತು. ಎಡ ಹಿಂದಿನ ಚಕ್ರದ ಕೆಳಗೆ ಬ್ರೇಕಿನ ಎಣ್ಣೆ ಹರಿಯುತ್ತಿತ್ತು.

"ನೀನ್ಯಾಕೆ ಇಲ್ಲಿಗೆ ಬಂದೆ?" ಎಂದ. ನಗಲು ನೋಡಿದ. "ಬೆಳಿಗ್ಗೆ ನೀನೇ ಗಂಡ ಸರಿ ಅಂದಿದ್ಯಲ್ಲ, ಏನಾಗುತ್ತೆ ನಂಗೆ?"

ಅವಳು ಎದುರಿಗೆ ಕೂತು ಅವನ ಹೆಲ್ಮೆಟ್ ಮುಟ್ಟಿದಳು. ಗದ್ದದ ಪಟ್ಟಿ ಎಳೆದು ನೋಡಿದಳು. ಅಂಗೈ, ಮೊಣಕಾಲು, ಪಾದ, ಒಂದೊಂದನ್ನೇ ಕಣ್ಣಿಟ್ಟು ನೋಡಿದಳು. ಸರಿ ಎನ್ನಲು ಬಾಯಿ ಬರಲಿಲ್ಲ.

ಸುತ್ತ ಸಾಲುಸಾಲಾಗಿ ಅವಳು ಸರಿ ಅಂದ ಗಾಡಿಗಳು ನಿಂತಿದ್ದವು. ಕೋಲುಗನ್ನಡಿ ಬೆಳಿಗ್ಗೆಯಿಂದ ಅಂಗಳದ ಆ ಕಂಬ ಬಿಟ್ಟು ಕದಲಿರಲಿಲ್ಲ.

"ಇವಾಸೆಯವರೇ," ಎಂದು ಹಿಂದೆಯೇ ಓಡಿಬಂದಿದ್ದ ಮೇಸ್ತ್ರಿಗೆ ಹೇಳಿದಳು, "ಇವತ್ತು ನಾನು ನೋಡಿದ್ದೀನಿ ಅಂದ ಗಾಡಿಗಳನ್ನೆಲ್ಲ ಹಡಗಿನಿಂದ ಇಳಿಸಿ."