ದಾರಿ ಬಿಡಪ್ಪಾ

"ಅಕ್ಕನ ಗಾಡಿ ಕೊಳಕ್ಕೆ ಬಿತ್ತು ಕಣೇ. ತಾನಾಗೇ ಹೋಗಿ ಬಿತ್ತು."

ಫೋನಲ್ಲಿ ನನ್ನ ಗೆಳತಿ ನಂಬ್ಲೇ ಇಲ್ಲ. "ಮಾತು ಕೇಳಿ ದಾರಿ ಹಿಡಿಯತ್ತೆ ಅಂತ ಕೊಚ್ಕೋತಿದ್ಯಲ್ಲ, ಅದೇನಾ?"

ಅದೇ. ಅಕ್ಕ ಎರಡು ವರ್ಷದಿಂದ ಲ್ಯಾಬಲ್ಲಿ ಅದಕ್ಕೆ ಮಾತು ಕಲಿಸ್ತಿದ್ಲು. ನಾಲ್ಕು ಚಕ್ರ, ತಲೆ ಮೇಲೊಂದು ಕ್ಯಾಮೆರಾ. "ಮರ ದಾಟಿ ಎಡಕ್ಕೆ ಹೋಗು, ಬೆಂಚ್ ಹತ್ರ ನಿಲ್ಲು" ಅಂದ್ರೆ ಸಾಕು, ಪಾರ್ಕೆಲ್ಲ ಸುತ್ತಿ ಬರ್ತಿತ್ತು. ಇವತ್ತು ಕೊನೇ ಪರೀಕ್ಷೆ. ಪಾಸಾದ್ರೆ ಅಕ್ಕನ ಕೆಲ್ಸ ಉಳಿಯತ್ತೆ, ಇಲ್ಲಾಂದ್ರೆ ಈ ತಿಂಗಳಿಗೇ ಮುಗೀತು ಅಂತ ಅವಳ ಮೇಡಂ ಮೊದ್ಲೇ ಹೇಳಿದ್ರು.

ಗಾಡಿ ಜೊತೆ ಯಾವತ್ತೂ ಮಾತಾಡದೇ ಇರೋರು ಬಂದು ಮಾತಾಡ್ಬೇಕಿತ್ತು. ಅಕ್ಕ ಅಮ್ಮನ್ನ ಕರ್ಕೊಂಡು ಹೋದ್ಲು. ನಾನೂ ಬಾಲದ ಥರ ಹಿಂದೆ. ಅಮ್ಮ ಹೊಸ ಚಪ್ಪಲಿ ಬೇರೆ ಹಾಕ್ಕೊಂಡಿದ್ಲು. ಅವಳ ಕೈಗೊಂದು ಮೈಕು ಕೊಟ್ರು.

ಎಲ್ಲ ಚೆನ್ನಾಗೇ ನಡೀತಿತ್ತು. ಗಾಡಿ ವಾಪಸ್ ಬರೋವಾಗ ಕೊಳದ ಪಕ್ಕದ ಸಣ್ಣ ದಾರೀಲಿ ಅಮ್ಮನಿಗೆ ಎದುರಾಯ್ತು. ಅಮ್ಮ ಪಕ್ಕದ್ಮನೆ ಮಗೂಗೆ ಹೇಳೋ ಹಾಗೆ, "ಸ್ವಲ್ಪ ದಾರಿ ಬಿಡಪ್ಪಾ" ಅಂದ್ಲು.

ಬಿಡ್ತು. ದಾರೀನೇ ಬಿಡ್ತು. ಹುಲ್ಲು ಹತ್ತಿ, ಇಳಿಜಾರು ಇಳ್ದು, ನಿಧಾನಕ್ಕೆ, ಮರ್ಯಾದೆಯಾಗಿ ನೀರಿಗಿಳೀತು. ನಂಗೆ ಕಿಸಕ್ಕಂತ ನಗು ಬಂತು. ಆಮೇಲೆ ಅಕ್ಕನ ಮುಖ ನೋಡ್ದೆ.

ಮೂವರೂ ಕೆಸರಿಗಿಳಿದು ಗಾಡೀನ ಮೇಲಕ್ಕೆ ಎಳ್ಕೊಂಡ್ವಿ. ಈಗ ಅಕ್ಕ ಊಟದ ಟೇಬಲ್ ಮೇಲೆ ಗಾಡಿ ಒಳಗಿನ ಬೋರ್ಡುಗಳನ್ನೆಲ್ಲ ಹರಡ್ಕೊಂಡು, ನನ್ನ ಹೇರ್ ಡ್ರೈಯರಲ್ಲಿ ಒಣಗಿಸ್ತಾ ಕೂತಿದ್ಲು. ಮನೆಯೆಲ್ಲ ಕೆಸರಿನ ವಾಸ್ನೆ. ಒಂದು ದೀಪಾನೂ ಹತ್ತಲಿಲ್ಲ.

"ನಾನೇನಾದ್ರೂ ತಪ್ಪು ಹೇಳಿದ್ನೇನೇ?" ಅಂದ್ಲು ಅಮ್ಮ.

"ಇಲ್ಲಮ್ಮ. ನೀನು ಸರಿಯಾಗೇ ಹೇಳ್ದೆ. ಯಾರಾದ್ರೂ ಹಾಗೇ ಹೇಳ್ತಿದ್ರು. ಅದಕ್ಕೆ ನಾನು ಕಲಿಸಿರ್ಲಿಲ್ಲ, ಅಷ್ಟೇ."

"ಈ ಮನೇಲಿ ನನ್ನ ಮಾತು ಕೇಳಿದ್ದು ಅದೊಂದೇ."

ಯಾರೂ ನಗ್ಲಿಲ್ಲ. ಅಷ್ಟರಲ್ಲಿ ಅಕ್ಕಂಗೆ ಫೋನ್ ಬಂತು. "ಹೂಂ ಮೇಡಂ... ಹೂಂ. ತರ್ತೀನಿ." ಫೋನ್ ಇಟ್ಟು ಮತ್ತೆ ಡ್ರೈಯರ್ ಹಾಕಿದ್ಲು.

"ಏನಂತೆ?" ನಾನು ಕಿರುಚಿ ಕೇಳ್ದೆ.

"ಲ್ಯಾಬಿನ ಕೀ ವಾಪಸ್ ಕೊಡ್ಬೇಕಂತೆ."

"ನಾನೂ ಬರ್ತೀನಿ," ಅಂದ್ಲು ಅಮ್ಮ. "ತಪ್ಪು ನಂದೇ ಅಂತೀನಿ."

"ಅದ್ರಿಂದ ಏನೂ ಆಗಲ್ಲಮ್ಮ."

"ಆಗದಿದ್ರೆ ಬೇಡ. ಎಷ್ಟೊತ್ತಿಗೆ ಹೇಳು."

ಅಕ್ಕ ಡ್ರೈಯರ್ ಆರಿಸಿದ್ಲು. "ನಾಳೆ ಹತ್ತಕ್ಕೆ. ಮೇಡಂ ರೂಮಲ್ಲಿ."

ಅಮ್ಮ ಚಪ್ಪಲಿ ತಂದು ಕೆಸರು ಒರೆಸೋಕೆ ಕೂತ್ಲು.