ಬಳ್ಳಾರಿ ಕಡೆಯ ಹುಡುಗಿ

ಗೇಟಿಗೆ ಬೀಗ ಬಿದ್ದಿರಲಿ ಎಂದು ಸಿದ್ದಲಿಂಗೇಶ ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಕಾರು ತಿರುಗಿಸಿದ. ಬೀಗ ಇರಲಿಲ್ಲ. ಗೇಟಿನ ಒಂದು ಕದ ಕಿತ್ತುಹೋಗಿ ಗೋಡೆಗೆ ಒರಗಿತ್ತು. ಇನ್ನೊಂದು ಯಾರನ್ನೂ ತಡೆಯುವ ಉಮೇದಿಲ್ಲದೆ ಹಾರುಹೊಡೆದು ನಿಂತಿತ್ತು.

"ಇಲ್ಲೇ ನಿಲ್ಲಸ್ರಿ, ನಾ ಹೋಗಿ ಬರ್ತೀನಿ," ಎಂದು ಅಮೃತಾ ಹಿಂದಿನ ಸೀಟಿನಿಂದಲೇ ಬಾಗಿಲು ತೆಗೆದಳು.

ಮುಂದೆ ಕೂತಿದ್ದ ಅವನ ತಾಯಿ ಕಳಕಮ್ಮ ತೂಕಡಿಕೆಯಿಂದ ಎದ್ದು ಹೊರಗೆ ನೋಡಿದರು. "ಇಲ್ಲ್ಯಾಕ ತಂದೀಪಾ ಗಾಡಿ? ಕುಕನೂರು ಬಂತೇನು?"

"ಇಲ್ಲಬೇ, ಗಂಗಾವತಿನs ದಾಟಿಲ್ಲ ಇನ್ನಾ. ಅಮೃತಾಗ ಹಳೇ ಗ್ರೌಂಡ್ ನೋಡಬೇಕಂತ. ನೀ ಕುಂದ್ರು, ಬಿಸಲೈತಿ."

ಅಷ್ಟು ಹೇಳಿ ಅವನೂ ಇಳಿದು, ಬಾರದ ಫೋನನ್ನು ಕಿವಿಗೆ ಹಿಡಿದುಕೊಂಡು ಕಾರಿನ ಮಗ್ಗುಲಿಗೇ ನಿಂತ.

ಸೋದರಮಾವನ ಮನೆಯ ತೊಟ್ಟಿಲ ಕಾರ್ಯಕ್ಕೆ ಬಂದವರು ಊಟ ಮುಗಿಸಿ ಊರಿಗೆ ಹೊರಟಿದ್ದರು. ಹಿಂದಿನ ರಾತ್ರಿ ಬುತ್ತಿ ಕಟ್ಟುವ ಗಡಿಬಿಡಿಯಲ್ಲಿ ಅಮೃತಾ ಮೆಲ್ಲಗೆ ಹೇಳಿದ್ದಳು: "ಜರೀನಾ ಫೋನ್ ಮಾಡಿದ್ದಳ್ರಿ. ಗ್ಯಾಲರಿ ಕಟ್ಟಾಕ ನಿಂತಾರಂತ. ಆ ಮೂರ್ತಿ ಮುಂದಿನ ವಾರ ಕೆಡವ್ತಾರಂತ. ಹೆಂಗೂ ಅದs ದಾರ್ಯಾಗ ಹೊಂಟೀವಿ, ಒಮ್ಮೆ ನೋಡಿ ಬರೂಣ್ರಿ." ಜರೀನಾ ಅವಳ ಜೊತೆ ಆಡಿದವಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಹೆಂಡತಿ ಆ ಮೂರ್ತಿಯ ಸುದ್ದಿ ತೆಗೆದದ್ದು ಅದೇ ಮೊದಲು. "ನೋಡೂಣು" ಎಂದಿದ್ದ ಅವನು, ಕಾರ್ಯ ತಡವಾಗಿ ಹೊತ್ತು ಮುಳುಗಿದರೆ ತಾನೇ ತಪ್ಪೀತು ಎಂಬ ಲೆಕ್ಕದಲ್ಲಿ. ಆದರೆ ತೊಟ್ಟಿಲಿನವರು ಹೊತ್ತಿಗೆ ಸರಿಯಾಗಿ ಎಲೆ ಹಾಕಿಬಿಟ್ಟರು.

ಆ ಮೈದಾನದಲ್ಲಿ ಹಿಂದೊಮ್ಮೆ ಅಖಿಲ ಭಾರತ ಮಟ್ಟದ ಮಹಿಳೆಯರ ಖೋ-ಖೋ ಪಂದ್ಯಾವಳಿ ನಡೆದಿತ್ತು. ಊರಿಗೆ ಊರೇ ಹಬ್ಬ ಮಾಡಿತ್ತು. ಅದರ ನೆನಪಿಗೆಂದು ಬಾಗಿಲಿನ ಎದುರಿಗೇ ಸಿಮೆಂಟಿನ ಮೂರ್ತಿ ನಿಲ್ಲಿಸಿದ್ದರು: ಎಡಗೈಯಲ್ಲಿ ಕಂಬ ಹಿಡಿದು, ಒಂಟಿ ಕಾಲಿನ ಮೇಲೆ ಇಡೀ ಮೈಯನ್ನು ಮುಂದಕ್ಕೆ ಚೆಲ್ಲಿ, ತಪ್ಪಿಸಿಕೊಂಡು ಓಡುವವಳನ್ನು ಮುಟ್ಟಲು ಬಲಗೈ ಚಾಚಿದ ಹುಡುಗಿ. ಹಳದಿ ಬನಿಯನ್ನು, ನೀಲಿ ಚಡ್ಡಿ. ಮಾಡಿದವನು ಪೇಪರಿನಲ್ಲಿ ಬಂದ ಫೋಟೋ ನೋಡಿ ಮಾಡಿದ್ದ. ಫೋಟೋದಲ್ಲಿ ಇದ್ದವಳು ಹಿಟ್ನಾಳದ ಅಮೃತಾ. ಆದರೆ ಬುಡದ ಕಲ್ಲಿನ ಮೇಲೆ ಉದ್ಘಾಟನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ದೇಣಿಗೆ ಕೊಟ್ಟವರು ಇದ್ದರೇ ಹೊರತು ಆಡಿದವರ ಹೆಸರು ಒಂದೂ ಇರಲಿಲ್ಲ.

ಹೆಸರಿಲ್ಲದ್ದೇ ಪುಣ್ಯ ಎಂದು ಸಿದ್ದಲಿಂಗೇಶ ಇಷ್ಟು ದಿನ ಅಂದುಕೊಂಡಿದ್ದ. ನಿಶ್ಚಿತಾರ್ಥವಾದ ಹೊಸದರಲ್ಲಿ ಗಂಗಾವತಿಯ ಗೆಳೆಯನೊಬ್ಬ ಚಹಾ ಕುಡಿಯುತ್ತ, "ನಿನ್ನ ಹೇಣ್ತಿ ತೊಡಿ ನಮ್ಮೂರ ಮಂದಿಯೆಲ್ಲಾ ನೋಡೈತಲೇ," ಎಂದು ನಕ್ಕಿದ್ದ. ಮರುದಿನವೇ ಅವನು ಮನೆಯಲ್ಲಿ ಯಾರಿಗೂ ಹೇಳದೆ ಮೋಟರ್ ಸೈಕಲ್ ಹತ್ತಿ ಬಂದಿದ್ದ. ಮೂರ್ತಿಯ ಎದುರು ನಿಂತ ಮೊದಲ ಗಳಿಗೆಯಲ್ಲಿ ಅವನಿಗೆ ನಾಚಿಕೆ ಬಂದಿರಲಿಲ್ಲ. ಎಷ್ಟು ಜೋರಾಗಿ ಹಾರಿದ್ದಾಳೆ ಎನ್ನಿಸಿತ್ತು. ಅಷ್ಟು ಜೋರಿನ ಹುಡುಗಿ ತನ್ನ ಮನೆಗೆ ಬರುತ್ತಾಳೆಂದು ಎದೆ ಒಂದಿಷ್ಟು ಉಬ್ಬಿತ್ತು ಕೂಡ. ಅಷ್ಟರಲ್ಲಿ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಇಬ್ಬರು ಅವನನ್ನೂ ಮೂರ್ತಿಯನ್ನೂ ನೋಡಿ ತಮ್ಮತಮ್ಮಲ್ಲೇ ಏನೋ ಅಂದುಕೊಂಡು ಕಿಸಕ್ಕೆಂದಿದ್ದರು. ಅವನು ಗಾಡಿ ತಿರುಗಿಸಿದ್ದ. ಮದುವೆಯಾಗಿ ಮನೆ ತುಂಬಿಸಿಕೊಂಡ ವಾರದಲ್ಲೇ ಹೆಂಡತಿಗೆ ಹೇಳಿದ್ದ: "ಆ ಮೂರ್ತಿ ಸುದ್ದಿ ನಮ್ಮ ಮನ್ಯಾಗ ಬ್ಯಾಡ. ಅವ್ವಗ ಗೊತ್ತಾದ್ರ ಛಲೋ ಆಗಾಂಗಿಲ್ಲ." "ಹೂಂನ್ರಿ" ಎಂದಿದ್ದಳು ಅಮೃತಾ. ಆ ಒಂದು ಹೂಂ ಸಾಕಾಗಿತ್ತು ಅವನಿಗೆ.

ಈಗ ದೂರದಿಂದ ನೋಡಿದರೆ ಮೂರ್ತಿಗೆ ಯಾರೋ ಬಟ್ಟೆ ಉಡಿಸಿದ ಹಾಗೆ ಕಾಣುತ್ತಿತ್ತು. ಕ್ರಿಕೆಟ್ ಆಡುತ್ತಿದ್ದವರು ತಮ್ಮ ಅಂಗಿಗಳನ್ನೆಲ್ಲ ಅದರ ಚಾಚಿದ ಕೈಗೆ, ಹೆಗಲಿಗೆ, ಕುತ್ತಿಗೆಗೆ ನೇತುಹಾಕಿದ್ದರು. ಎತ್ತಿದ ಕಾಲಿನ ಸಿಮೆಂಟು ಉದುರಿ ಕಬ್ಬಿಣದ ಸರಳು ಹೊರಬಿದ್ದಿತ್ತು. ಅಮೃತಾ ತೊಟ್ಟಿಲ ಕಾರ್ಯದ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಟ್ಟೆ ಹತ್ತಿದಳು. ಒಂದೊಂದೇ ಅಂಗಿ ತೆಗೆದು, ಮನೆಯಲ್ಲಿ ಒಣಗಿದ ಬಟ್ಟೆ ತೆಗೆಯುವಂತೆ ಕೊಡವಿ, ಮಡಚಿ, ಕಟ್ಟೆಯ ಮೇಲೆ ಇಡತೊಡಗಿದಳು. ಆಟ ನಿಂತಿತು. ಬ್ಯಾಟು ಹಿಡಿದವನು ಅವಳ ಕಡೆ ನೋಡಿದ, ಬಳಿಕ ಕಾರಿನ ಕಡೆ ನೋಡಿದ. ಸಿದ್ದಲಿಂಗೇಶ ಬೆನ್ನು ತಿರುಗಿಸಿ, ಫೋನಿನಲ್ಲಿ "ಹಾಂ, ಹಾಂ, ಯೂರಿಯಾ ನಾಳಿ ಬರ್ತೈತಿ" ಎಂದ.

ತಿರುಗಿ ನೋಡಿದಾಗ ಕಾರಿನ ಮುಂದಿನ ಬಾಗಿಲು ತೆರೆದಿತ್ತು. ಕಳಕಮ್ಮ ಮೊಣಕಾಲಿಗೆ ಕೈಕೊಟ್ಟು ಆಗಲೇ ಮೂರ್ತಿಯ ತನಕ ಹೋಗಿ, ದೇವಸ್ಥಾನದಲ್ಲಿ ಸುತ್ತು ಬರುವವರಂತೆ ಅದರ ಹಿಂದೆ ಮರೆಯಾಗುತ್ತಿದ್ದರು.

ಅವನು ಓಡುನಡಿಗೆಯಲ್ಲಿ ಅತ್ತ ಹೊರಟ. ಅರ್ಧ ದಾರಿಯಲ್ಲಿ ಯಾರೋ ಕರೆದರು.

"ಸಾವ್ಕಾರ್ರ! ನೀವೇನ್ರಿ ಇಲ್ಲಿ?"

ಉಮರಸಾಬ. ಕುಕನೂರಿನ ಅವನ ಗೊಬ್ಬರದ ಅಂಗಡಿಗೆ ಗಂಗಾವತಿಯಿಂದ ಲಾರಿಯಲ್ಲಿ ಚೀಲ ತರುತ್ತಿದ್ದ ಹಿರಿಯ. ಮನೆ ಹತ್ತಿರವೇ ಇದ್ದುದರಿಂದ ಸಂಜೆ ಗಾಳಿಗೆಂದು ಮೈದಾನಕ್ಕೆ ಬಂದಿದ್ದ.

"ಇಲ್ಲೇ, ನಮ್ಮವ್ವನ ಕರಕೊಂಡು ಒಂದು ಕಾರ್ಯಕ್ಕ ಬಂದಿದ್ದಿವಿ," ಎಂದು ಸಿದ್ದಲಿಂಗೇಶ ಮಾತು ಮುಗಿಸಲು ನೋಡಿದ. ಆದರೆ ಉಮರಸಾಬ ಜೊತೆಗೇ ಹೆಜ್ಜೆ ಹಾಕಿದ. ಇಬ್ಬರೂ ಮೂರ್ತಿಯ ಎದುರು ಬಂದು ನಿಂತರು. ಅಮೃತಾ ಅವರಿಗೆ ಬೆನ್ನು ಮಾಡಿ ಕಡೆಯ ಅಂಗಿ ಮಡಚುತ್ತಿದ್ದಳು. ಉಮರಸಾಬ ಅವಳನ್ನು ಗಮನಿಸಲಿಲ್ಲ; ಅವನ ಕಣ್ಣು ಮೂರ್ತಿಯ ಮೇಲಿತ್ತು.

"ಇದನ್ನ ಕೆಡವ್ತಾರಂತ್ರಿ ಮುಂದಿನ ವಾರ. ಭಾಳ ಕೆಟ್ಟ ಅನಸ್ತೈತಿ ನಂಗ. ಈ ಹುಡುಗಿ ಆಟ ಕಣ್ಣಾರೆ ನೋಡೀನ್ರಿ ನಾ. ಅವಾಗ ಇಲ್ಲಿ ನೀರಿನ ಟ್ಯಾಂಕರ್ ಹೊಡಿತಿದ್ದೆ. ಫೈನಲ್ ದಿನ ಟ್ಯಾಂಕರ್ ಮ್ಯಾಲೆ ಹತ್ತಿ ನಿಂತು ನೋಡಿದ್ದು. ಮಹಾರಾಷ್ಟ್ರದವರು ಗೆದ್ದs ಬಿಟ್ರು ಅಂತ ಮಂದಿ ಎದ್ದು ಹೊಂಟಿತ್ತು. ಈಕಿ ಕಂಬ ಹಿಡದು ಜಿಗದಳು ನೋಡ್ರಿ... ಯಾ ಅಲ್ಲಾ! ನಾ ಟ್ಯಾಂಕರ್ ಮ್ಯಾಲಿಂದ ಬೀಳಬೇಕಾಗಿತ್ತು." ಅವನು ನಕ್ಕು, ಟೊಪ್ಪಿಗೆ ಸರಿಮಾಡಿಕೊಂಡ. "ಈಗ ಎಲ್ಲದಾಳೋ ಏನೋ, ಆಡ್ತಾಳೋ ಇಲ್ಲೋ. ಯಾರಾಕಿ ಅಂತ ನಿಮಗೇನರ ಗೊತ್ತೈತೇನ್ರಿ?"

ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಕಿಸಕ್ಕೆನ್ನುವವರು ಯಾರೂ ಅಲ್ಲಿರಲಿಲ್ಲ. ಹೌದು ಎಂದಿದ್ದರೆ ಆ ಮನುಷ್ಯ ಅವನ ಎರಡೂ ಕೈ ಹಿಡಿದುಕೊಳ್ಳುತ್ತಿದ್ದನೋ ಏನೋ. ಇದೆಲ್ಲ ಸಿದ್ದಲಿಂಗೇಶನಿಗೆ ಹೊಳೆದದ್ದು ಆಮೇಲೆ. ಆಗ ಮಾತ್ರ ಅವನ ಬಾಯಿ ತನ್ನ ಪಾಡಿಗೆ ತಾನು ತೆರೆದುಕೊಂಡಿತು.

"ನಂಗೇನ್ ಗೊತ್ತಪಾ. ಬಳ್ಳಾರಿ ಕಡೇಕಿ ಇರಬೇಕು ಯಾವಕ್ಯೋ."

ಅಮೃತಾಳ ಕೈ ಅಂಗಿಯ ತೋಳಿನ ಮೇಲೆ ನಿಂತಿತು. ನಿಂತದ್ದು ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಆ ತೋಳನ್ನು ಒಳಗೆ ಮಡಚಿ, ಅಂಗಿಯನ್ನು ಉಳಿದವುಗಳ ಮೇಲಿಟ್ಟು, ಅಂಗೈಯಿಂದ ಸಾಪು ಮಾಡಿದಳು. ತಿರುಗಿ ನೋಡಲಿಲ್ಲ.

"ಬಳ್ಳಾರ್ಯಾಕಿ ಯಾಕಾಗ್ತಾಳಪಾ?" ಮೂರ್ತಿಯ ಹಿಂದಿನಿಂದ ಕಳಕಮ್ಮನ ದನಿ ಬಂತು, ಅದರ ಹಿಂದೆಯೇ, ಕಟ್ಟೆಯ ಅಂಚು ಹಿಡಿದುಕೊಂಡು ಅವರೂ ಬಂದರು. ಮಗನ ಕಡೆ ನೋಡಲಿಲ್ಲ. ಉಮರಸಾಬನಿಗೇ ಹೇಳಿದರು: "ಅಕಿ ನಮ್ಮ ಸೊಸಿ ಅದಾಳ. ಮಾರಿ ಒಂದು ತಪ್ಪು ಮಾಡ್ಯಾನ ಮಾಡಿದಾಂವ, ಮೂಗು ಇಷ್ಟು ದಪ್ಪ ಇಲ್ಲ ಅಕಿದು. ಆದ್ರ ಆ ಬೆರಳು ನೋಡು. ಒಲಿ ಮುಂದ ನನ್ನ ಎದುರಿಗೆ ಕುಂತು ರೊಟ್ಟಿ ಬಡೀತಾಳ ದಿನಾ. ನಂಗ ಗೊತ್ತಾಗಾಂಗಿಲ್ಲೇನು?"

ಅಮೃತಾ ಈಗ ತಿರುಗಿದಳು. ಉಮರಸಾಬ ಮೂರ್ತಿಯನ್ನು ನೋಡಿದ, ಅವಳನ್ನು ನೋಡಿದ. ಕೊನೆಗೆ ಸಿದ್ದಲಿಂಗೇಶನನ್ನು ನೋಡಿದ. ಆ ನೋಟ ಬಹಳ ಹೊತ್ತು ನಿಲ್ಲಲಿಲ್ಲ. ಬಚ್ಚಲ ಬಾಗಿಲು ತಪ್ಪಿ ತೆರೆದವನಂತೆ ಮುದುಕ ಕಣ್ಣು ತಟ್ಟನೆ ಕೆಳಗಿಳಿಸಿದ. ಮತ್ತೆ ತಲೆಯೆತ್ತಿದಾಗ ಮುಖದ ತುಂಬ ನಗೆ ತಂದುಕೊಂಡಿದ್ದ.

"ಅಯ್ಯ, ಸಾವ್ಕಾರ್ರು ಚಾಷ್ಟಿ ಮಾಡಾಕತ್ತಿದ್ರು ಅಮ್ಮಾರ! ನಂಗ ತಿಳೀಲಿಲ್ಲ ನೋಡ್ರಿ," ಎಂದ. "ಸಾವ್ಕಾರ್ರು ಹಂಗs, ಅಂಗಡ್ಯಾಗೂ ನಗಸ್ತಿರ್ತಾರ."

ಸಿದ್ದಲಿಂಗೇಶ ಅಂಗಡಿಯಲ್ಲಿ ಎಂದೂ ಯಾರನ್ನೂ ನಗಿಸಿದವನಲ್ಲ. ಉಮರಸಾಬ ಬೈದಿದ್ದರೆ, ಕಡೆಗೆ ಸುಮ್ಮನೆ ಹೋಗಿಬಿಟ್ಟಿದ್ದರೆ ಬೇಕಿತ್ತು. ಚೀಲ ಇಳಿಸುವುದು ತಡವಾದರೆ ತಾನು ಗದರುತ್ತಿದ್ದ ಮನುಷ್ಯ ಇಲ್ಲಿ ನಿಂತು, ತಾಯಿ ಮತ್ತು ಹೆಂಡತಿಯ ಎದುರು, ತನ್ನ ಮಾನ ಮುಚ್ಚುತ್ತಿದ್ದ. "ಹೌದಪಾ, ಚಾಷ್ಟಿ," ಎಂದ. ದನಿ ತನ್ನದೆಂದೇ ಅವನಿಗೆ ಅನ್ನಿಸಲಿಲ್ಲ.

ಉಮರಸಾಬ ಅಮೃತಾಳನ್ನು ಬೇಟಿ ಎಂದು ಕರೆದು, ಅವತ್ತು ಕಾಲಿಗೆ ಪೆಟ್ಟಾಗಿತ್ತಲ್ಲ, ಆಮೇಲೆ ವಾಸಿಯಾಯಿತೇ ಎಂದು ಕೇಳಿದ. ವಾಸಿಯಾಯಿತು, ಚಳಿಗಾಲದಲ್ಲಿ ಒಂದಿಷ್ಟು ನೋಯುತ್ತದೆ ಎಂದಳು ಅವಳು. ಚಳಿಗಾಲದಲ್ಲಿ ಅವಳ ಕಾಲು ನೋಯುವುದು ಸಿದ್ದಲಿಂಗೇಶನಿಗೆ ಗೊತ್ತಿರಲಿಲ್ಲ.

"ಇದು ಹೆಂಗ ಆಡೂದು?" ಎಂದರು ಕಳಕಮ್ಮ. "ಕುಂದ್ರತಾರಂತಲ್ಲ ಸಾಲಾಗಿ?"

"ಹೂಂನ್ರಿ ಅತ್ತಿ. ಒಬ್ಬಕಿ ಈ ಕಡೆ ಮಾರಿ, ಒಬ್ಬಕಿ ಆ ಕಡೆ ಮಾರಿ." ಅಮೃತಾ ಕಟ್ಟೆಯಿಂದ ಇಳಿದು, ಚಪ್ಪಲಿ ಬಿಟ್ಟು, ಸೀರೆ ಮೊಣಕಾಲಿನ ತನಕ ಎತ್ತಿ ಹಿಡಿದು ಮಣ್ಣಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಒಂದು ಕಾಲು ತುಸು ಹಿಂದೆ, ಬೆರಳ ತುದಿಗಳು ನೆಲಕ್ಕೆ. ಕೂತದ್ದೇ ತಡ ಅವಳ ಬೆನ್ನು ಬೇರೆ ಯಾರದೋ ಬೆನ್ನಾಯಿತು. ಹನ್ನೊಂದು ವರ್ಷ ಅವಳು ಒಲೆಯ ಮುಂದೆ, ಬಚ್ಚಲಲ್ಲಿ, ಪಡಸಾಲೆಯಲ್ಲಿ ಕೂತದ್ದನ್ನು ಅವನು ನೋಡಿದ್ದ. ಹೀಗೆ ಕೂತದ್ದನ್ನು ನೋಡಿರಲಿಲ್ಲ. "ಹಿಂದಿನಿಂದ ಬಂದು ಬೆನ್ನಿಗೆ ಬಡದು ಖೋ ಅಂದ್ರ ಎದ್ದು ಓಡಬೇಕ್ರಿ. ಅಲ್ಲೀತನಕ ಏಳಾಂಗಿಲ್ಲ."

ಕಳಕಮ್ಮ ಹಿಂದಿನಿಂದ ಹೋಗಿ, ಬಳೆ ಸದ್ದಾಗುವ ಹಾಗೆ ಅವಳ ಬೆನ್ನಿಗೆ ಬಡಿದರು. "ಖೋ!" ಎಂದರು ಮುದುಕಿ. ಕ್ರಿಕೆಟ್ಟಿನವರು ನಕ್ಕರು, ಉಮರಸಾಬ ಚಪ್ಪಾಳೆ ಹೊಡೆದ. ಅಮೃತಾ ನಿಜಕ್ಕೂ ಎದ್ದು ಹತ್ತು ಮಾರು ಓಡಿ, ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತ ನಿಂತಳು. ಸಿದ್ದಲಿಂಗೇಶನೂ ನಗಬೇಕೆಂದು ನೋಡಿದ. ಅಷ್ಟರಲ್ಲಿ ಹೆಂಡತಿಯ ಕಣ್ಣು ಅವನಿಗೆ ತಾಗಿತು. ಅವಳ ನಗೆ ಆರಿತು. ಸಿಟ್ಟೇನೂ ಮಾಡಲಿಲ್ಲ. ಸೆರಗು ಹೊದ್ದುಕೊಂಡು ಬಂದು ಚಪ್ಪಲಿ ಹಾಕಿಕೊಂಡಳು, ಅಷ್ಟೆ.

ಹೆಂಗಸರಿಬ್ಬರೂ ಉಮರಸಾಬನ ಜೊತೆ ಮಾತಾಡುತ್ತ ಕಾರಿನ ಕಡೆ ನಡೆದರು. ಅವನು ಹಿಂದೆ ಉಳಿದ. ಅಂಗಿಗಳನ್ನು ತೆಗೆದಿದ್ದರಿಂದ ಮೂರ್ತಿ ಈಗ ಪೂರ್ತಿ ಕಾಣುತ್ತಿತ್ತು. ನೀಲಿ ಚಡ್ಡಿಯ ಮೇಲೆ ಯಾರೋ ಇದ್ದಿಲಿನಿಂದ ಹೊಲಸು ಬರೆದು, ಕೆಳಗೆ ಬಾಣದ ಗುರುತು ಹಾಕಿದ್ದರು. ಅಮೃತಾ ಅದನ್ನು ಓದಿರಲೇಬೇಕು. ಅದರ ಎದುರಿಗೇ ನಿಂತು ಅಂಗಿ ಮಡಚಿದ್ದಳು. ಅವನು ಜೇಬಿನಿಂದ ಕರ್ಚೀಪು ತೆಗೆದು, ಆಟದವರ ನೀರಿನ ಬಾಟಲಿಯಿಂದ ಒದ್ದೆ ಮಾಡಿಕೊಂಡು ಕಟ್ಟೆ ಹತ್ತಿ ತಿಕ್ಕಿದ. ಅಕ್ಷರ ಕದಡಿತೇ ಹೊರತು ಹೋಗಲಿಲ್ಲ. ಹಲ್ಲು ಕಚ್ಚಿ ಮತ್ತೂ ತಿಕ್ಕಿದ. ಹಳೆಯ ಬಣ್ಣ ಹಪ್ಪಳದಂತೆ ಎದ್ದು ಕೈಗೆ ಬಂತು. ಬರಹವೂ ಹೋಯಿತು, ಬಣ್ಣವೂ ಹೋಯಿತು. ಆ ಜಾಗದಲ್ಲಿ ಅಂಗೈ ಅಗಲದ ಬೂದು ಸಿಮೆಂಟು ಉಳಿಯಿತು.

ಕಾರಿಗೆ ಬಂದಾಗ ತಾಯಿ ಹಿಂದಿನ ಸೀಟಿನಲ್ಲಿ ಸೊಸೆಯ ಪಕ್ಕ ಕೂತಿದ್ದರು. "ಹೊಂಡೂಣೇನು?" ಎಂದು ಕೇಳಿದ. ಉಮರಸಾಬ ಹೊರಗಿನಿಂದ ಕೈ ಎತ್ತಿದ.

ಊರು ದಾಟಿತು. ಭತ್ತದ ಗದ್ದೆಗಳ ಮೇಲೆ ಇಳಿಬಿಸಿಲು ಬಿದ್ದಿತ್ತು. ಹಿಂದೆ ಕಳಕಮ್ಮ ಕೇಳುತ್ತಿದ್ದರು: "ಮಂದಿ ಎದ್ದು ಹೊಂಟಿತ್ತಂತಲ್ಲ, ಆಮ್ಯಾಲೆ? ಅಕಿ ಸಿಕ್ಕಳೋ ಇಲ್ಲೋ?"

ಅಮೃತಾ ಹೇಳತೊಡಗಿದಳು. ಮಹಾರಾಷ್ಟ್ರದ ಹುಡುಗಿ ಎಷ್ಟು ಚುರುಕಿದ್ದಳು, ಜರೀನಾ ಹೇಗೆ ಅವಳನ್ನು ಕಂಬದ ಕಡೆ ಅಟ್ಟಿಕೊಂಡು ಬಂದಳು ಎಂದೆಲ್ಲ. ಎ.ಸಿ.ಯ ಭರಾಟೆಯಲ್ಲಿ ಅರ್ಧ ಮಾತು ಮುಂದಿನವರೆಗೆ ಬರುತ್ತಿರಲಿಲ್ಲ. ಸಿದ್ದಲಿಂಗೇಶ ಕೈ ಚಾಚಿ ಎ.ಸಿ. ಬಂದ್ ಮಾಡಿದ.

ಕಾರಿನೊಳಗೆ ಒಮ್ಮೆಲೇ ನಿಶ್ಶಬ್ದವಾಯಿತು. ಅಮೃತಾ ಮಾತು ನಿಲ್ಲಿಸಿದಳು. ಅವನು ಕನ್ನಡಿಯಲ್ಲಿ ನೋಡಲಿಲ್ಲ. ರಸ್ತೆಯನ್ನೇ ನೋಡುತ್ತ ಕಾರಿನ ವೇಗ ತಗ್ಗಿಸಿದ. ತುಸು ಹೊತ್ತಾದ ಮೇಲೆ ಅವಳು ಅತ್ತೆಯ ಕಡೆ ಬಾಗಿ, ಅವರ ಕಿವಿಯ ಹತ್ತಿರ, ಅವನಿಗೆ ಕೇಳದಷ್ಟು ಮೆಲ್ಲಗೆ, ಮುಂದಿನದನ್ನು ಹೇಳತೊಡಗಿದಳು.