ತೊಂಬತ್ತಾರು ಅಂಕದ ಪುಟ

ಚಿಕ್ಕಮ್ಮ ಕಾಣೆಯಾದ ಮೂರನೆಯ ಬೆಳಗ್ಗೆ ಪುಟಕ್ಕೆ ತೊಂಬತ್ತಾರು ಅಂಕ ಬಂತು. ಆ ಕಚೇರಿಯಲ್ಲಿ ಯಾವ ಪುಟಕ್ಕೂ ಅಷ್ಟು ಬಂದಿರಲಿಲ್ಲ. ಬೇರೆ ದಿನವಾಗಿದ್ದರೆ ಅಂಕದಕ್ಕ ಕುರ್ಚಿ ತಿರುಗಿಸಿಕೊಂಡು ನಾಲ್ಕು ಜನಕ್ಕೆ ತೋರಿಸಿ ಬೀಗುತ್ತಿದ್ದಳು. ಇವತ್ತು ಕಾಲು ಸುಟ್ಟ ಬೆಕ್ಕಿನ ಹಾಗೆ ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಮೇಜಿಗೆ ಓಡಾಡುತ್ತಿದ್ದಳು.

ಅಂಕದಕ್ಕ ಅನ್ನುವುದು ಕಚೇರಿಯವರು ಇಟ್ಟ ಹೆಸರು. ಅವಳ ಕೆಲಸವೇ ಅದು. ಜನ ಫೋನಿನಲ್ಲಿ ಏನನ್ನಾದರೂ ಹುಡುಕುವಾಗ ಯಾವ ಪದ ಒತ್ತುತ್ತಾರೋ ಆ ಪದ ಗಿರಾಕಿಯ ಅಂತರ್ಜಾಲ ಪುಟದಲ್ಲಿ ಸರಿಯಾದ ಜಾಗದಲ್ಲಿದೆಯಾ, ತಲೆಬರಹದಲ್ಲಿದೆಯಾ, ಮೊದಲ ಸಾಲಿನಲ್ಲಿದೆಯಾ, ಚಿತ್ರದ ಅಡಿಯಲ್ಲಿದೆಯಾ ಎಂದು ನೋಡುವುದು. ಅದನ್ನು ಅಳೆಯಲು ಒಂದು ತಂತ್ರಾಂಶವಿತ್ತು. ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪಾಸಾದರೆ ಹಸಿರು, ಫೇಲಾದರೆ ಕೆಂಪು ಬಣ್ಣ ತೋರಿಸುತ್ತಿತ್ತು. ಹಲ್ಲಿನ ಡಾಕ್ಟರು, ಬಾಡಿಗೆ ಲಾರಿಯವರು, ಹಾಸಿಗೆ ಅಂಗಡಿಯವರು, ಯಾರನ್ನಾದರೂ ಸರಿ, ಹುಡುಕಿದವರ ಕಣ್ಣಿಗೆ ಮೊದಲು ಬೀಳುವಂತೆ ಮಾಡುವುದರಲ್ಲಿ ಅವಳದು ಎತ್ತಿದ ಕೈ.

"ಪರೀಕ್ಷೆ ಬರೆಯೋರೇ ಇಲ್ಲ, ನೀನು ಮಾರ್ಕ್ಸ್ ಹಾಕ್ತಾ ಕೂತಿದೀಯ" ಎಂದು ಚಿಕ್ಕಮ್ಮ ನಗುತ್ತಿದ್ದಳು. ಅದೆಲ್ಲ ಮರೆವು ಶುರುವಾಗುವ ಮುಂಚೆ.

ಅಂಕದಕ್ಕನನ್ನೂ ಅವಳ ತಮ್ಮನನ್ನೂ ತಾಯಿ ಹೋದ ಮೇಲೆ ಸಾಕಿದ್ದು ಈ ಚಿಕ್ಕಮ್ಮನೇ. ಸಿಟಿ ಬಸ್ಸುಗಳಲ್ಲಿ ಮೂವತ್ತು ವರ್ಷ ಟಿಕೆಟ್ ತಪಾಸಣೆ ಮಾಡಿ, ಮದುವೆಯ ಗೋಜಿಗೇ ಹೋಗದೆ ಸಾಕಿದ್ದಳು. ಸೋಮವಾರ ಮಧ್ಯಾಹ್ನ ತಮ್ಮ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಮುಂಬಾಗಿಲು ತೆರೆದಿತ್ತು. ಪೊಲೀಸರಿಗೆ ಹೇಳಿದ್ದಾಯಿತು, ಆಸ್ಪತ್ರೆಗಳನ್ನು ಸುತ್ತಿದ್ದಾಯಿತು. ತಮ್ಮ ಬಸ್ ಡಿಪೋಗೂ ಓಡಿದ್ದ. ಅಲ್ಲಿನ ಹೊಸ ಮೇಲ್ವಿಚಾರಕ ಎಲ್ಲ ಡ್ರೈವರುಗಳನ್ನೂ ಕೇಳಿ, "ಕಳೆದುಹೋದೋರ ಥರ ಇರೋರು ಯಾರೂ ಯಾವ ಬಸ್ಸಲ್ಲೂ ಕಾಣಲಿಲ್ವಂತಪ್ಪ" ಅಂದಿದ್ದ.

ಕೈ ಕಟ್ಟಿ ಕೂರಲಾಗದೆ ಅಂಕದಕ್ಕ ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹಿಡಿದು ಕೂತಳು. ನಗರದ ಬಸ್ಸುಗಳ ವೇಳೆ ತಿಳಿಸುವ ಒಂದು ತಾಣ ಅವರ ಕಚೇರಿಯ ಗಿರಾಕಿ. ದಿನಕ್ಕೆ ಸಾವಿರಾರು ಜನ ಇಣುಕುವ ಜಾಗ. ಯಜಮಾನರ ಒಪ್ಪಿಗೆ ಪಡೆದು ಅಲ್ಲೇ ಚಿಕ್ಕಮ್ಮನ ಫೋಟೋ ಹಾಕಿ, 'ಕಾಣೆಯಾಗಿದ್ದಾರೆ' ಎಂದು ಪುಟ ಮಾಡಿದಳು. ತಂತ್ರಾಂಶ ಮೊದಲು ಎಂಬತ್ತೊಂದು ಕೊಟ್ಟಿತು. ಅಲ್ಲಿ ಪದ ಸೇರಿಸು, ಇಲ್ಲಿ ಸಾಲು ತೆಗೆ ಎಂದು ಅದು ಹೇಳಿದಂತೆಲ್ಲ ಕುಣಿದು ತೊಂಬತ್ತಾರಕ್ಕೆ ತಂದಿದ್ದಳು.

ಒಂಬತ್ತೂವರೆಗೆ ಫೋನು ಬಂತು. ಮೊದಲ ರಿಂಗಿಗೇ ಎತ್ತಿದಳು.

"ಕಾಣೆಯಾದೋರ ಪುಟ ನಿಮ್ದೇನಾ?" ವಯಸ್ಸಾದ ಗಂಡಸಿನ ದನಿ.

"ಹೌದು, ಹೌದು, ಹೇಳಿ. ಎಲ್ಲಿದ್ದಾರೆ?"

"ಅದನ್ನೇ ಕೇಳೋಣ ಅಂತ ಮಾಡ್ದೆ ಕಣಮ್ಮ. ನಮ್ಮೆಜಮಾನಿ ಹೋಗಿ ಹನ್ನೊಂದು ದಿನ ಆಯ್ತು."

ಅವಳು ಕಾಗದ ಎಳೆದುಕೊಂಡಳು. ಆತನ ಹೆಂಡತಿಯ ಸೀರೆಯ ಬಣ್ಣ, ಚಪ್ಪಲಿಯ ಅಳತೆ ಬರೆದುಕೊಂಡಳು. ಮತ್ತೊಂದು ಫೋನು: ಅಣ್ಣನನ್ನು ಹುಡುಕುತ್ತಿದ್ದ ತಂಗಿ. ಆಮೇಲೆ ಮಗನನ್ನು ಹುಡುಕುತ್ತಿದ್ದ ತಾಯಿ. ಹನ್ನೊಂದು ಗಂಟೆಯ ಹೊತ್ತಿಗೆ ಏಳು ಜನ ಕಳೆದುಹೋದವರ ವಿವರ ಅವಳ ಮೇಜಿನ ಮೇಲಿತ್ತು, ಸಿಕ್ಕಿದವರ ಸುದ್ದಿ ಒಂದೂ ಇರಲಿಲ್ಲ.

ಎಂಟನೆಯ ಫೋನನ್ನು ಅವಳು ಎತ್ತಲಿಲ್ಲ. ಬದಲಿಗೆ, ಯಾವ ಯಾವ ಪದ ಹುಡುಕಿದವರು ಈ ಪುಟಕ್ಕೆ ಬಂದರು ಎನ್ನುವ ಪಟ್ಟಿ ತೆರೆದಳು. ಅಮ್ಮ ಕಾಣೆ. ಅಜ್ಜಿ ಕಾಣೆಯಾಗಿದ್ದಾರೆ. ಮರೆವಿನ ಕಾಯಿಲೆ, ಮನೆ ಬಿಟ್ಟು ಹೋದರೆ ಏನು ಮಾಡುವುದು. ಎಲ್ಲ ಕಳೆದುಕೊಂಡವರು ಒತ್ತುವ ಪದಗಳು. ಚಿಕ್ಕಮ್ಮನನ್ನು ಕಣ್ಣಾರೆ ಕಂಡವರಿಗೆ ಆಕೆ ಕಾಣೆಯಾಗಿದ್ದಾಳೆ ಅಂತ ಗೊತ್ತಿರುವುದಾದರೂ ಹೇಗೆ? ಅವರೇಕೆ ಆ ಪದ ಹುಡುಕುತ್ತಾರೆ? ಇಷ್ಟು ವರ್ಷ ಗಿರಾಕಿಗಳಿಗೆಲ್ಲ ಹುಡುಕೋರ ತಲೆಯೊಳಗೆ ಕೂತು ಯೋಚಿಸಿ ಎಂದು ಪಾಠ ಹೇಳಿದವಳು, ತನ್ನ ಮನೆಯ ವಿಷಯಕ್ಕೆ ತನ್ನ ತಲೆ ಬಿಟ್ಟು ಹೊರಗೇ ಬಂದಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಪಟ್ಟಿಯ ತೀರಾ ತುದಿಯಲ್ಲಿ ನಿನ್ನೆ ಬೆಳಗಿನ ಒಂದು ಸಾಲಿತ್ತು. 'ಯೂನಿಫಾರ್ಮ್ ಇಲ್ಲದೆ ಬಸ್ಸಲ್ಲಿ ಟಿಕೆಟ್ ಚೆಕ್ ಮಾಡಬಹುದಾ.' ಯಾರೋ ಒಬ್ಬರು ಹಾಗೆ ಕೇಳಿ ಬಂದು, ನಾಲ್ಕೇ ಸೆಕೆಂಡು ನಿಂತು ಹೋಗಿದ್ದರು. ಈ ಪುಟಕ್ಕೆ ಅವರು ಬಂದದ್ದಾದರೂ ಹೇಗೆ? ಆಗ ನೆನಪಾಯಿತು. 'ಇವರು ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದರು' ಎಂಬ ಸಾಲು ನಿನ್ನೆ ಬೆಳಗ್ಗೆ ಇನ್ನೂ ಪುಟದಲ್ಲಿತ್ತು. ವಿಷಯಕ್ಕೆ ಸಂಬಂಧವಿಲ್ಲದ ಪದಗಳು ಎಂದು ತಂತ್ರಾಂಶ ಹೇಳಿತ್ತು, ಮಧ್ಯಾಹ್ನ ಅವಳೇ ತನ್ನ ಕೈಯಾರೆ ಅಳಿಸಿದ್ದಳು. ಎರಡು ಅಂಕಕ್ಕಾಗಿ.

ಅವಳಿಗೆ ತನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಡಿಪೋದವನು ಸುಳ್ಳು ಹೇಳಿರಲಿಲ್ಲ. ಕಳೆದುಹೋದವರ ಥರ ಇರುವವರನ್ನು ಡ್ರೈವರುಗಳು ನೋಡಿರಲಿಲ್ಲ. ಅವರು ನೋಡಿದ್ದು ಟಿಕೆಟ್ ಕೇಳುತ್ತಿದ್ದ ಒಬ್ಬ ಆಫೀಸರನ್ನು.

ಕುಳಿತಲ್ಲೇ ಹೊಸ ತಲೆಬರಹ ಬರೆದಳು: 'ಯೂನಿಫಾರ್ಮ್ ಇಲ್ಲದೆ ಬಸ್ಸಿನಲ್ಲಿ ಟಿಕೆಟ್ ಕೇಳಿದರಾ? ನಕಲಿ ಚೆಕ್ಕರ್ ಮೇಲೆ ಇಲ್ಲಿ ದೂರು ಕೊಡಿ.' ಕೆಳಗೆ ತನ್ನ ನಂಬರು ಹಾಕಿ, ತಮ್ಮನಿಗೂ ಕಳಿಸಿದಳು. ಅವನು ತಕ್ಷಣ ಫೋನು ಮಾಡಿ ಕೂಗಾಡಿದ.

"ನಕಲಿ ಅಂತೀಯಾ? ನಮ್ಮ ಚಿಕ್ಕಮ್ಮನ್ನ? ತಲೆ ನೆಟ್ಟಗಿದೆಯಾ ನಿಂಗೆ? ಮೂವತ್ತು ವರ್ಷದಲ್ಲಿ ಒಬ್ಬರ ಹತ್ರ ಒಂದು ಕಾಫಿ ಕುಡಿದೋಳಲ್ಲ!"

"ನಂಗೊತ್ತಿಲ್ವೇನೋ ಅದು? ಸಿಟ್ಟು ಬಂದೋರು ನಕಲಿ ಅಂತಾನೇ ಬರೆಯೋದು. ಅವರು ಬರೆಯೋದನ್ನ ನಾನು ಬರೆದಿದೀನಿ." ಫೋನಿಟ್ಟು ಮೂಗು ಒರೆಸಿಕೊಂಡು, ಅಭ್ಯಾಸಬಲದಿಂದ ಪುಟವನ್ನು ತಂತ್ರಾಂಶಕ್ಕೆ ಕೊಟ್ಟಳು. ಮೂವತ್ತನಾಲ್ಕು ಅಂಕ, ಕಡು ಕೆಂಪು. ಅವಳು ಅದರ ಕಿಟಕಿಯನ್ನೇ ಮುಚ್ಚಿದಳು.

ಮಧ್ಯಾಹ್ನ ಎರಡು ಗಂಟೆ ದಾಟಿತು. ನೀರು ಕುಡಿದಳು, ಕುಡಿದದ್ದು ಮರೆತು ಮತ್ತೆ ಕುಡಿದಳು. ಪಕ್ಕದ ಮೇಜಿನವಳು "ಸ್ವಲ್ಪ ಕೂತ್ಕೊಳ್ಳೇ ಮಾರಾಯ್ತಿ, ನಿನ್ನ ನೋಡಿ ನಂಗೆ ತಲೆ ಸುತ್ತುತ್ತೆ" ಅಂದಳು. ಎರಡೂ ನಲವತ್ತಕ್ಕೆ ಫೋನು ಬಂತು.

"ಏನ್ರೀ ಇದು ಅನ್ಯಾಯ? ತುಂಬಿದ ಬಸ್ಸಲ್ಲಿ ನನ್ನ ಮಾನ ಕಳೆದುಬಿಟ್ಟಳು ಆ ಹೆಂಗಸು!" ದೂರುದಾರ ಕೆಂಡವಾಗಿದ್ದ. "ಬ್ಯಾಡ್ಜ್ ಇಲ್ಲ, ಟೋಪಿ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ!"

"ನಿಮ್ಮ ಹತ್ರ ಟಿಕೆಟ್ ಇತ್ತಾ ಸರ್?" ಯಾಕೆ ಹಾಗೆ ಕೇಳಿದಳೋ ಅವಳಿಗೇ ಗೊತ್ತಿಲ್ಲ.

"ಅದು ಬೇರೆ ವಿಷಯ."

"ಯಾವ ಬಸ್ಸು?"

"ಹದಿನಾಲ್ಕು. ಈಗಷ್ಟೇ ಕೈ ಹಿಡಿದು ನನ್ನ ಕೆಳಗಿಳಿಸಿದಳು. ಅವಳು ಮತ್ತೆ ಅದಕ್ಕೇ ಹತ್ತಿಕೊಂಡು ಹೋದಳು, ಮಹಾರಾಣಿ ಥರ."

ಅಂಕದಕ್ಕ ಪರ್ಸನ್ನೂ ತೆಗೆದುಕೊಳ್ಳದೆ ಮೆಟ್ಟಿಲು ಹಾರಿ ಓಡಿದಳು. ಹದಿನಾಲ್ಕು ಅವರ ಕಚೇರಿಯ ಹಿಂದಿನ ಬೀದಿಯಲ್ಲೇ ಹಾದುಹೋಗುವ ಬಸ್ಸು. ಎರಡು ಬಸ್ಸು ಬಿಟ್ಟು ಮೂರನೆಯದರ ಗಾಜಿನ ಆಚೆ, ನಡುವಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತ ಚಿಕ್ಕಮ್ಮ ಕಂಡಳು. ಅಂಕದಕ್ಕ ಹತ್ತಿದಳು. ಜನರ ನಡುವೆ ನುಗ್ಗಿದಳು.

"ಟಿಕೆಟ್" ಅಂದಳು ಚಿಕ್ಕಮ್ಮ, ಅವಳ ಮುಖ ನೋಡಿಯೇ.

"ಚಿಕ್ಕಮ್ಮ, ನಾನು. ಮನೆಗೆ ಹೋಗೋಣ ಬಾ."

"ಬಸ್ಸಲ್ಲಿ ನೆಂಟಸ್ತನ ಇಲ್ಲ. ಟಿಕೆಟ್ ತೋರ್ಸಿ."

ಅಂಕದಕ್ಕ ಆಕೆಯ ತೋಳು ಹಿಡಿದಳು. ಚಿಕ್ಕಮ್ಮ ಕಂಬವನ್ನು ಅಪ್ಪಿ ಹಿಡಿದು ಜಪ್ಪಯ್ಯ ಅಂದರೂ ಕದಲಲಿಲ್ಲ. "ಯಾಕ್ರೀ ಡ್ಯೂಟೀಲಿ ಇರೋರ ಮೈಮೇಲೆ ಕೈ ಹಾಕ್ತೀರ?" ಎಂದ ಹಿಂದಿನ ಸೀಟಿನವನು. ಡ್ರೈವರು ಕನ್ನಡಿಯಲ್ಲಿ ನೋಡಿ ಗದರಿದ: "ಮೂರು ದಿನದಿಂದ ಮೇಡಂ ಹಗಲೆಲ್ಲ ಚೆಕಿಂಗ್, ರಾತ್ರಿ ಡಿಪೋ ರೆಸ್ಟ್ ರೂಮಲ್ಲೇ ಮಲಗ್ತಿದಾರೆ. ಪಾಪ, ಬಿಡ್ರಿ!" ಚಿಕ್ಕಮ್ಮನ ಕಣ್ಣಲ್ಲಿ ಭಯ ಕಾಣಿಸಿತು. ಅಂಕದಕ್ಕ ಕೈ ಬಿಟ್ಟಳು.

ಏನು ಹೇಳಿದರೆ ಈಕೆ ಇಳಿದು ಬಂದಾಳು? ಈ ತಲೆಯೊಳಗೆ ಈಗ ಯಾವ ಪದಕ್ಕೆ ಜಾಗವಿದೆ?

"ಮೇಡಂ, ನನ್ನ ಹತ್ರ ಟಿಕೆಟ್ ಇಲ್ಲ" ಅಂದಳು. ನಿಜವೂ ಆಗಿತ್ತು.

ಚಿಕ್ಕಮ್ಮನ ಬೆನ್ನು ನೆಟ್ಟಗಾಯಿತು. ಗಬಕ್ಕನೆ ಅವಳ ಮಣಿಕಟ್ಟು ಹಿಡಿದು, "ಡ್ರೈವರ್, ನಿಲ್ಸಿ" ಎಂದು ಅವಳನ್ನು ಎಳೆದುಕೊಂಡೇ ಇಳಿದಳು. ಬಸ್ಸು ಹೋಯಿತು. ಕಾಲುದಾರಿಯ ಮೇಲೆ ಇಬ್ಬರೇ ನಿಂತಿದ್ದರು. ಚಿಕ್ಕಮ್ಮನ ತುಟಿ ಒಣಗಿತ್ತು, ಹಿಡಿತ ಮಾತ್ರ ಸಡಿಲವಾಗಿರಲಿಲ್ಲ.

"ನೋಡಿದ್ರೆ ಓದಿದೋಳ ಥರ ಇದೀಯ. ನಾಚ್ಕೆ ಆಗಲ್ವಾ? ಮನೇಲಿ ಹಿರಿಯರು ಯಾರಿದಾರೆ?"

ಅಂಕದಕ್ಕನಿಗೆ ಕಣ್ಣೀರು ತಡೆಯಲಾಗಲಿಲ್ಲ. "ಚಿಕ್ಕಮ್ಮ ಇದಾರೆ."

"ಅವರಿಗೆ ಗೊತ್ತಾ ನೀನು ಹೀಗೆ ಓಡಾಡೋದು?"

"ಇಲ್ಲ ಮೇಡಂ."

"ಅಳಬೇಡ. ನಡಿ, ಮನೆ ತೋರ್ಸು" ಅಂದಳು ಚಿಕ್ಕಮ್ಮ. "ನಾನು ಅವರ ಹತ್ರಾನೇ ಮಾತಾಡ್ತೀನಿ."